ಅಧಿಕ ರಕ್ತದೊತ್ತಡ: ನೋವಿಲ್ಲದ ಕಾಯಿಲೆ, ನಮ್ಮ ಮನೆ, ನಮ್ಮ ಅಡಿಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ನನಗೆ ಈ ವೇದಿಕೆಯಲ್ಲಿ ಕೊಡುವ ವಿಷಯ ಒಂದೇ, ಮಾತೃಭಾಷೆ ಮತ್ತು ಶಿಕ್ಷಣ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಟೀಚರ್‌ಗೆ ಬೇರೇನು ತಾನೇ ಕೊಟ್ಟಾರು? ಈ ಸಲ ನಾನೇ ಕೇಳಿಕೊಂಡು ವಿಷಯ ಬದಲಾಯಿಸಿದೆ. ಬಿ.ಪಿ. ಬಗ್ಗೆ ಮಾತನಾಡುತ್ತೇನೆ ಎಂದಾಗ ಕಾರ್ಯದರ್ಶಿಯವರು ನಕ್ಕರು, "ನೀವು ಮಾಡಿರೋದು ಬಿ.ಇಡಿ. ಅಲ್ವೇನಮ್ಮ, ಬಿ.ಪಿ. ಯಾಕೆ?" ಎಂದರು. ನಿಜ, ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ ನುಂಗಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಈ ಕಾಯಿಲೆ ನಮ್ಮ ಮನೆಗೆ ಬಂದು ನನಗೆ ಕಲಿಸಿದ ಪಾಠವನ್ನು ನಿಮ್ಮ ಮುಂದೆ ಇಡಬಲ್ಲೆ.

ನಮ್ಮ ಅಬ್ಬಾನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ ಬಂತೆಂದರೆ ಹಗ್ಗ, ಮೂಗುದಾರ, ಗೆಜ್ಜೆ, ಬಾರುಕೋಲು ಎಲ್ಲ ಹರಡಿಕೊಂಡು ಕೂರುತ್ತಿದ್ದರು. ಜೋಡೆತ್ತು ಕೊಂಡ ರೈತ ಹೊಸ ಹಗ್ಗ ಕೊಳ್ಳದೆ ಮನೆಗೆ ಹೋಗುವುದಿಲ್ಲ. ಇಡೀ ವರ್ಷದ ವ್ಯಾಪಾರದಲ್ಲಿ ಅರ್ಧ ಆ ಜಾತ್ರೆಯ ದಿನಗಳಲ್ಲೇ ಆಗುತ್ತಿತ್ತು. 2013ರಲ್ಲಿ ಒಂದು ಆರೋಗ್ಯ ಶಿಬಿರದಲ್ಲಿ ನೋಡಿದಾಗ ಅವರ ಬಿ.ಪಿ. 170ಕ್ಕೆ 100 ಇತ್ತು. ಮಾತ್ರೆ ಬರೆದುಕೊಟ್ಟರು. ನಾಲ್ಕೈದು ತಿಂಗಳು ತಪ್ಪದೆ ತೆಗೆದುಕೊಂಡರು, 130ಕ್ಕೆ ಇಳಿಯಿತು. ಇಳಿದ ದಿನವೇ ಮಾತ್ರೆಗೂ ರಜೆ! ಕೇಳಿದರೆ, "ಅಚ್ಛಾಚ್ ಹೂಂ ನಾ ಬೇಟಿ, ಗೋಲಿ ಕೈಕು?" ಎನ್ನುವರು. ತಲೆನೋವಿಲ್ಲ, ತಲೆಸುತ್ತಿಲ್ಲ, ಮೂಟೆ ಹೊರುತ್ತಾರೆ, ಬಿರಿಯಾನಿ ಊಟ ಸೇರುತ್ತದೆ. ಓದಿದವಳು ನಾನು, ಮನೆಯಲ್ಲೇ ಇದ್ದೆ. ನನಗೂ ಅವರ ಮಾತು ಸರಿಯೆಂದೇ ಅನಿಸಿ ಸುಮ್ಮನಾದೆ. ಆ ಸುಮ್ಮನಿದ್ದುದಕ್ಕೆ ಇವತ್ತು ಇಷ್ಟು ಮಾತನಾಡುತ್ತಿದ್ದೇನೆ ಎಂದುಕೊಳ್ಳಿ.

2016ರ ಜಾತ್ರೆ. ಮೂರನೆಯ ದಿನ ಬೆಳಗಿನ ಜಾವದ ಚಳಿಯಲ್ಲಿ ಅವರ ಬಲಗೈಯಿಂದ ಚಹಾದ ಲೋಟ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮಾತು ಕಲಸಿಹೋಯಿತು. ನಾವು ಏನು ಮಾಡಿದೆವು ಗೊತ್ತೇ? ರಾತ್ರಿಯೆಲ್ಲ ನಿದ್ದೆಗೆಟ್ಟ ಸುಸ್ತು ಎಂದು ಕಂಬಳಿ ಹೊದಿಸಿ ಮಲಗಿಸಿದೆವು. ಒಬ್ಬರು ಎಣ್ಣೆ ಕಾಯಿಸಿ ತಿಕ್ಕಿದರು. ಇನ್ನೊಬ್ಬರು ಲಕ್ವಾಕ್ಕೆ ಪಾರಿವಾಳದ ರಕ್ತ ಒಳ್ಳೆಯದೆಂದು ಪಾರಿವಾಳ ಹುಡುಕಲು ಹೋದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಇಲ್ಲಿಂದ ಮೈಸೂರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ನಾವು ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಾಯಿತು?" ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಿದ್ದರೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು, ಏಕೆಂದರೆ ರಕ್ತನಾಳ ಒಡೆದು ಆದದ್ದಾದರೆ ಅದೇ ಇಂಜೆಕ್ಷನ್ ವಿಷವಾಗುತ್ತದೆ. ನಮ್ಮದು ಹೆಪ್ಪೇ ಆಗಿತ್ತು. ಗಂಟೆ ಮಾತ್ರ ಎಂಟು ಕಳೆದಿತ್ತು.

ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಬಲಗೈ ಹೋಯಿತು, ಮಾತೂ ಹೋಯಿತು. ನಮ್ಮನ್ನು ನೋಡುತ್ತಾರೆ, ಗುರುತು ಸಿಗುತ್ತದೆ, ಹೇಳಬೇಕೆಂದು ಬಾಯಿ ತೆರೆಯುತ್ತಾರೆ, ಶಬ್ದ ಬರುವುದಿಲ್ಲ. ಅಮ್ಮಿಯ ಹೆಸರೂ ಬರುತ್ತಿರಲಿಲ್ಲ. ದಿನಾ ನಲವತ್ತು ಮಕ್ಕಳಿಗೆ ಮಾತು ಕಲಿಸುವ ನನಗೆ ಮನೆಗೆ ಬಂದರೆ ಕೈಕಾಲು ಆಡುತ್ತಿರಲಿಲ್ಲ. ಒಂದು ಸಂಜೆ ಅವರಿಗೆ ವ್ಯಾಯಾಮ ಮಾಡಿಸುತ್ತಾ ಬೆರಳು ಮಡಿಸಿ ಒಂದು, ಎರಡು ಎಂದೆ. "ಮೂರು, ನಾಕು, ಐದು" ಎಂದು ಅಬ್ಬಾ ಮುಂದುವರಿಸಿಬಿಟ್ಟರು, ಇಪ್ಪತ್ತರವರೆಗೂ! ಮನೆಮಾತು ಉರ್ದು, ಎಣಿಕೆ ಮಾತ್ರ ಕನ್ನಡ, ಜಾತ್ರೆಯಲ್ಲಿ ಹಗ್ಗ ಎಣಿಸಿದ್ದು ಕನ್ನಡದಲ್ಲಲ್ಲವೇ? ಬಾಯಿಪಾಠದ ಹಾಗೆ ಸಾಲಾಗಿ ಬರುವ ಮಾತು, ಎಣಿಕೆ, ದುಆ, ವಾರದ ಹೆಸರು ಇವು ಇಂಥ ರೋಗಿಗಳಲ್ಲಿ ಎಷ್ಟೋ ಸಲ ಉಳಿದಿರುತ್ತವೆ ಎಂದು ಆಮೇಲೆ ಮಾತಿನ ಚಿಕಿತ್ಸೆ ಕೊಡುವವರು ತಿಳಿಸಿದರು. ಅಲ್ಲಿಂದ ಶುರು ಮಾಡಿದೆವು. ಅಲಿಫ್, ಬೇ, ಪೇ, ಸ್ಲೇಟು, ಎಡಗೈಯಲ್ಲಿ ಬಳಪ. ನನಗೆ ಅಕ್ಷರ ಕಲಿಸಿದವರಿಗೆ ನಾನು ಅಕ್ಷರ ತಿದ್ದಿಸಿದೆ. ಈಗ ಅವರು ಮಾತನಾಡುತ್ತಾರೆ, ನಿಧಾನವಾಗಿ. ಜಾತ್ರೆಗೆ ಮಾತ್ರ ತಮ್ಮ ಹೋಗುತ್ತಾನೆ.

ನೀವು ಕೇಳಬಹುದು, ನೋವೇ ಇಲ್ಲದ ಕಾಯಿಲೆ ಇಷ್ಟೆಲ್ಲ ಹೇಗೆ ಮಾಡುತ್ತದೆ? ನಮ್ಮ ನಾಲೆಯನ್ನೇ ನೋಡಿ. ಮಿತಿಯಲ್ಲಿ ನೀರು ಹರಿದರೆ ಏರಿಗೆ ಏನೂ ಆಗುವುದಿಲ್ಲ. ದಿನಾ ಮಿತಿ ಮೀರಿ ಬಿಟ್ಟರೆ ಏರಿ ಒಳಗೊಳಗೇ ಕೊರೆಯುತ್ತದೆ, ಮೇಲೆ ನಡೆದಾಡುವವರಿಗೆ ಗೊತ್ತಾಗುವುದಿಲ್ಲ. ಒಡೆದ ದಿನ ಎಲ್ಲರೂ "ನಿನ್ನೆ ಚೆನ್ನಾಗಿತ್ತಲ್ಲ" ಎನ್ನುತ್ತಾರೆ. ರಕ್ತನಾಳಗಳ ಕಥೆಯೂ ಅದೇ. ಒತ್ತಡ ಹೆಚ್ಚಿದ್ದಷ್ಟೂ ನಾಳದ ಒಳಗೋಡೆ ಗಾಯಗೊಳ್ಳುತ್ತದೆ, ಗಟ್ಟಿಯಾಗುತ್ತದೆ, ಕೊಬ್ಬು ಅಂಟುತ್ತದೆ. ಮೆದುಳಿಗೆ ಹೋದರೆ ಪಾರ್ಶ್ವವಾಯು, ಹೃದಯಕ್ಕೆ ಹೋದರೆ ಹೃದಯಾಘಾತ, ಮೂತ್ರಪಿಂಡಕ್ಕೆ ಹೋದರೆ ಡಯಾಲಿಸಿಸ್, ಕಣ್ಣಿಗೆ ಹೋದರೆ ದೃಷ್ಟಿ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಆ ದಿನ ಅವರ ಬಿ.ಪಿ. 300ಕ್ಕೆ 190 ಇತ್ತು. ಪ್ರಪಂಚದ ಯುದ್ಧ ನಡೆಸುತ್ತಿದ್ದವರಿಗೆ ಕೊಡಲು ಆಗ ಒಂದು ಸರಿಯಾದ ಮಾತ್ರೆ ಇರಲಿಲ್ಲ. ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಮಾತ್ರೆ ಉಚಿತವಾಗಿ ಸಿಗುತ್ತದೆ. ಇದನ್ನು ಯೋಚಿಸಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಆ ಮಾತ್ರೆಗಳ ಇತಿಹಾಸದಲ್ಲಿ ನಮ್ಮ ದೇಶದ ಪಾತ್ರವೂ ಇದೆ. ಸರ್ಪಗಂಧದ ಬೇರು ನಿಮಗೆ ಗೊತ್ತು, ಯುನಾನಿ ಹಕೀಮರು ಅಸ್ರೋಲ್ ಎನ್ನುತ್ತಾರೆ. 1931ರಲ್ಲಿ ಕೋಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದು ರಕ್ತದೊತ್ತಡ ಇಳಿಸುತ್ತದೆಂದು ಬರೆದರು. ಅದೇ ಹೊತ್ತಿಗೆ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿಯವರು ಆ ಬೇರಿನ ಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ತಮ್ಮ ಪೋಷಕರಾಗಿದ್ದ ಹಕೀಮ್ ಅಜ್ಮಲ್ ಖಾನರ ಹೆಸರಿನಿಂದ 'ಅಜ್ಮಲಿನ್' ಎಂದು ಕರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತಮ್ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲಿನ ಪರಿಣಾಮವನ್ನು ಬ್ರಿಟನ್ನಿನ ಹೃದಯ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದರಿಂದ ರಿಸರ್ಪಿನ್ ತೆಗೆದರು. ಹಿಂದೂ, ಮುಸ್ಲಿಂ, ಪಾರ್ಸಿ ಎಲ್ಲರ ಕೈ ಬಿದ್ದ ಔಷಧಿ! ಮಕ್ಕಳಿಗೆ ಈ ಪಾಠ ಹೇಳುವಾಗ ನನಗೆ ಬಹಳ ಇಷ್ಟ. ಆದರೆ ಜೊತೆಗೇ ಒಂದು ಮಾತು: ಆ ಔಷಧಿ ಮನಸ್ಸನ್ನು ಕುಗ್ಗಿಸುವ ತೊಂದರೆ ಕೊಡಬಲ್ಲದು, ಆದ್ದರಿಂದ ಈಗ ವೈದ್ಯರು ಹೆಚ್ಚಾಗಿ ಬೇರೆ ಮಾತ್ರೆಗಳನ್ನೇ ಕೊಡುತ್ತಾರೆ. ಸಂತೆಯಲ್ಲಿ ಬೇರು ಕೊಂಡು ಅರೆದು ಕುಡಿಯುವುದು ಬೇಡ. ಬೇರಿನಲ್ಲಿ ಎಷ್ಟು ಸತ್ವ ಇದೆಯೆಂದು ತೂಕ ಹಾಕುವವರಾರು?

ಇನ್ನು ಅಂಕಿಗಳು. 120ಕ್ಕೆ 80ರ ಒಳಗಿದ್ದರೆ ನಿಶ್ಚಿಂತೆ. ಬೇರೆ ಬೇರೆ ದಿನ ನೋಡಿದಾಗಲೂ 140ಕ್ಕೆ 90 ಅಥವಾ ಅದಕ್ಕಿಂತ ಮೇಲಿದ್ದರೆ, ಎರಡರಲ್ಲಿ ಒಂದು ಅಂಕಿ ಮೇಲಿದ್ದರೂ, ಅದು ಅಧಿಕ ರಕ್ತದೊತ್ತಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಾದ್ಯಂತ ಮಾಡಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 35.5ರಷ್ಟು ಜನರಿಗೆ ಇದು ಇತ್ತು. ಈ ಶಾಮಿಯಾನದಲ್ಲಿ ಒಂದು ಸಾಲಿನಲ್ಲಿ ಒಂಬತ್ತು ಕುರ್ಚಿ ಇವೆ, ಸಾಲಿಗೆ ಮೂವರು ಎಂದು ಲೆಕ್ಕ ಹಾಕಿಕೊಳ್ಳಿ. ಅದು ಯಾರೆಂದು ಮುಖ ನೋಡಿ ಹೇಳಲು ಆಗುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಅಳೆಯಲೇಬೇಕು. ಮೂವತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಈ ತಪಾಸಣೆ ಉಚಿತ. 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ ಮುಂದೆ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಗೇ ಬಂದು ಅಳೆಯುತ್ತಾರೆ. ಬಂದ ಆಶಾ ಕಾರ್ಯಕರ್ತೆಯನ್ನು "ನಾವೆಲ್ಲ ಚೆನ್ನಾಗಿದ್ದೀವಿ" ಎಂದು ಬಾಗಿಲಲ್ಲೇ ಕಳಿಸಬೇಡಿ.

ಮಾತ್ರೆಯ ಬಗ್ಗೆ ನಮ್ಮ ಜನರಲ್ಲಿ ಒಂದೇ ಹೆದರಿಕೆ, "ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ, ಅಭ್ಯಾಸ ಆಗಿಬಿಡುತ್ತೆ." ನಾನು ಕನ್ನಡಕ ಹಾಕುತ್ತೇನೆ. ಹಾಕಿಕೊಂಡರೆ ಅಕ್ಷರ ಕಾಣುತ್ತದೆ. ಅಕ್ಷರ ಕಂಡಿತು, ಕಣ್ಣು ವಾಸಿಯಾಯಿತು ಎಂದು ಕನ್ನಡಕ ಎಸೆದರೆ? ಅಬ್ಬಾ ಮಾಡಿದ್ದು ಅದನ್ನೇ. 130 ಇದ್ದದ್ದು ಮಾತ್ರೆಯಿಂದ. ಮಾತ್ರೆ ತೆಗೆದುಕೊಂಡಾಗ ಕಾಲು ಊದಿದರೆ, ಒಣ ಕೆಮ್ಮು ಬಂದರೆ, ಎದ್ದಾಗ ತಲೆ ತಿರುಗಿದರೆ ಡಾಕ್ಟರ್ ಹತ್ತಿರ ಹೇಳಿ, ಬದಲಾಯಿಸಿ ಕೊಡುತ್ತಾರೆ. ತೂಕ ಇಳಿಸಿ, ಉಪ್ಪು ಇಳಿಸಿದವರಿಗೆ ಮಾತ್ರೆ ಕಡಿಮೆಯಾಗಿದ್ದೂ ಉಂಟು, ಆದರೆ ಅದನ್ನು ಅವರೇ ಮಾಡಬೇಕು. ಪಕ್ಕದ ಮನೆಯ ಮಾಮುವಿನ ಮಾತ್ರೆ ನಿಮಗೆ ಬೇಡ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಮಾತ್ರೆಗಳಲ್ಲಿ ಹಲವು ಬಿ.ಪಿ. ಏರಿಸುತ್ತವೆ, ಅದನ್ನೂ ಡಾಕ್ಟರಿಗೆ ತಿಳಿಸಿ. ಗರ್ಭಿಣಿಯಾದವರು, ಆಗಬೇಕೆಂದಿರುವವರು ತಪ್ಪದೆ ತಿಳಿಸಬೇಕು, ಬಿ.ಪಿ.ಯ ಕೆಲವು ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಆಗದು. ಮೇಲಿನ ಅಂಕಿ ಬರೀ 10 ಇಳಿದರೂ ಪಾರ್ಶ್ವವಾಯುವಿನ ಅಪಾಯ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆಂದು 2016ರಲ್ಲಿ ಪ್ರಕಟವಾದ, ನೂರಕ್ಕೂ ಮಿಕ್ಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಅಧ್ಯಯನ ತೋರಿಸಿತು. ಅದೇ ವರ್ಷ ನಮ್ಮ ಮನೆಯಲ್ಲಿ ಹೀಗಾಯಿತು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಈಗ ಅಡಿಗೆ ಮನೆಗೆ ಬನ್ನಿ. ಇದು ತಾಯಂದಿರಿಗಷ್ಟೇ ಹೇಳುತ್ತಿರುವುದಲ್ಲ, ತಟ್ಟೆಯ ಮುಂದೆ ಕುಳಿತು "ಉಪ್ಪಿನಕಾಯಿ ಎಲ್ಲಿ?" ಎಂದು ಕೂಗುವ ಗಂಡಸರಿಗೂ ಸೇರಿದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಹಾ ಚಮಚ ಮಟ್ಟಸವಾಗಿ. ಯಾರು ಚಮಚದಲ್ಲಿ ಅಳೆದು ಅಡಿಗೆ ಮಾಡುತ್ತಾರೆ? ನಾನು ಬೇರೆ ಲೆಕ್ಕ ಕಂಡುಕೊಂಡೆ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಮನೆಯಲ್ಲಿ ಐವರಿದ್ದರೆ ದಿನಕ್ಕೆ 25 ಗ್ರಾಂ, ಪೊಟ್ಟಣ 40 ದಿನ ಬರಬೇಕು. ಆರು ಜನರಿಗೆ 33 ದಿನ. ನಮ್ಮದು ಆರು ಜನರ ಮನೆ, ಮೊದಲ ಪೊಟ್ಟಣ 18 ದಿನಕ್ಕೆ ಮುಗಿಯಿತು! ಭಾಗಿಸಿ ನೋಡಿದರೆ ತಲೆಗೆ 9 ಗ್ರಾಂ ಮೇಲೆ. ಅದೂ ಬೇಕರಿಯ ಖಾರ ಬಿಸ್ಕತ್ತು, ಚಿಪ್ಸು, ಮಿಕ್ಸ್ಚರಿನ ಉಪ್ಪನ್ನು ಬಿಟ್ಟು. ಅಮ್ಮಿ ನಂಬಲಿಲ್ಲ, ಇಲಿ ತಿಂದಿರಬೇಕು ಎಂದರು.

ಒಂದೇ ಸಲ ಕಡಿಮೆ ಮಾಡಿದರೆ ಮನೆಯಲ್ಲಿ ಜಗಳವೇ ಆಗುತ್ತದೆ, ನಮ್ಮಲ್ಲೂ ಆಯಿತು. ಹಾಗಾಗಿ ವಾರವಾರ ಚೂರುಚೂರು ಇಳಿಸಿದೆವು. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿತು. ಊಟದ ಜಾಗದಿಂದ ಉಪ್ಪಿನ ಡಬ್ಬಿ ಎತ್ತಿಟ್ಟೆವು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ವಾರಕ್ಕೊಮ್ಮೆ. ಅನ್ನ ಬೇಯಿಸುವಾಗ ಉಪ್ಪು ಹಾಕುವುದನ್ನೇ ಬಿಟ್ಟೆವು. ಮುದ್ದೆಗೆ ಉಪ್ಪು ಬೇಡವೇ ಬೇಡ, ಸಾರಿನಲ್ಲಿ ಇದ್ದೇ ಇರುತ್ತದಲ್ಲ. ಸಾಲನ್‌ಗೆ, ದಾಲ್ಚಾಕ್ಕೆ ಹುಣಸೆಹುಳಿ, ನಿಂಬೆ, ಪುದೀನ, ಕೊತ್ತಂಬರಿ ಮುಂದೆ ಮಾಡಿದರೆ ಉಪ್ಪು ಹಿಂದಾದದ್ದು ಗೊತ್ತಾಗುವುದಿಲ್ಲ. ಕಲ್ಲುಪ್ಪು, ಸೈಂಧವ ಲವಣ ಎಂದು ಹೆಚ್ಚು ದುಡ್ಡು ಕೊಟ್ಟು ತರುವವರಿದ್ದಾರೆ. ಬಣ್ಣ ಯಾವುದಾದರೂ ಅದೂ ಸೋಡಿಯಮ್ಮೇ, ಮೇಲಾಗಿ ಅಯೋಡಿನ್ ತಪ್ಪುತ್ತದೆ. ಸ್ವಲ್ಪ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿದ ಉಪ್ಪು ಬೇರೆ ಇದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಅದನ್ನು ಪ್ರಯೋಗಿಸಿ, ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ವರದಿ ಮಾಡಿದರು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಬಿ.ಪಿ.ಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಅಪಾಯ. ಕೇಳದೆ ತರಬೇಡಿ. ಈಗ ನಮ್ಮ ಮನೆಯ ಪೊಟ್ಟಣ ತಿಂಗಳು ಬರುತ್ತದೆ. ತಾರೀಖು ಬರೆಯುವ ಕೆಲಸ ಅಬ್ಬಾನದು, ಎಡಗೈಯಲ್ಲಿ.

ರಂಜಾನ್ ಬಗ್ಗೆ ಪ್ರತ್ಯೇಕ ಹೇಳಬೇಕು, ಏಕೆಂದರೆ ಆ ತಿಂಗಳಲ್ಲಿ ಮಾತ್ರೆ ನಿಲ್ಲಿಸುವವರು ನಮ್ಮಲ್ಲಿ ಬಹಳ. ದಿನಕ್ಕೊಂದೇ ಮಾತ್ರೆ ಇದ್ದವರಿಗೆ ಅದನ್ನು ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಬದಲಾಯಿಸಲು ಸಾಮಾನ್ಯವಾಗಿ ಆಗುತ್ತದೆ. ಮೂತ್ರ ಹೆಚ್ಚು ಮಾಡುವ ಮಾತ್ರೆ ಇದ್ದವರು ನೀರಡಿಕೆ, ಸುಸ್ತಿನಿಂದ ಕಷ್ಟಪಡಬಹುದು. ಆದ್ದರಿಂದ ಚಂದ್ರ ಕಾಣುವುದಕ್ಕೆ ತಿಂಗಳು ಮೊದಲೇ ಡಾಕ್ಟರನ್ನು ಕಂಡು ಹೊತ್ತು ಗೊತ್ತು ಮಾಡಿಕೊಳ್ಳಿ. ಒಂದು ವೇಳೆ ಅವರು ಉಪವಾಸ ಬೇಡ ಎಂದರೆ, ಕಾಯಿಲೆಯವರಿಗೆ ರಿಯಾಯಿತಿ ಇದೆ ಎಂಬುದನ್ನು ಮೌಲಾನಾ ಸಾಹೇಬರು ನನಗಿಂತ ಚೆನ್ನಾಗಿ ತಿಳಿಸುತ್ತಾರೆ. ಇನ್ನು ಇಫ್ತಾರ್ ತಟ್ಟೆ. ಖರ್ಜೂರ, ಹಣ್ಣು, ಗಂಜಿ ಸರಿ. ಸಮೋಸ, ಬಜ್ಜಿ, ಕಬಾಬ್ ಮೂವತ್ತು ದಿನವೂ ಬೇಕೇ?

ನಡಿಗೆಯ ವಿಚಾರಕ್ಕೆ ಬಂದರೆ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಬಿರುಸಾಗಿ ನಡೆದರೆ ಸಾಕು. ಗದ್ದೆಯಲ್ಲಿ ನಾಟಿ ಹಾಕುವವರಿಗೆ ಈ ಭಾಷಣ ಬೇಡ. ನನ್ನ ಹಾಗೆ ಕುರ್ಚಿಯಲ್ಲಿ ಕೂರುವವರಿಗೆ, ಮನೆಯಿಂದ ಹೊರಗೇ ಬಾರದ ನಮ್ಮ ಖಾಲಾಗಳಿಗೆ ಬೇಕು. ಹೆಂಗಸರು ವಾಕಿಂಗ್ ಹೊರಟರೆ ನಗುತ್ತಾರೆ ಎನ್ನುತ್ತೀರಿ. ನಗಲಿ ಬಿಡಿ. ಫಜರ್ ನಮಾಜ್ ಆದ ಮೇಲೆ ಶಾಲೆಯ ಮೈದಾನದ ಗೇಟು ತೆರೆದಿಡಲು ಸಂಘದವರು ಒಪ್ಪಿದರೆ ನಗುವವರ ಕಾಟವೂ ಇರುವುದಿಲ್ಲ. ಈ ಬೇಡಿಕೆಯನ್ನು ಅಧ್ಯಕ್ಷರ ಮುಂದೆ ಎಲ್ಲರೆದುರೇ ಇಡುತ್ತಿದ್ದೇನೆ. ತಂಬಾಕಿನ ಬಗ್ಗೆ ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಮಾತನಾಡುವುದು ಕಷ್ಟ, ಎಷ್ಟೋ ಮನೆಗಳ ಅನ್ನ ಅದರಿಂದಲೇ. ಬೆಳೆಯುವುದು ಹೊಟ್ಟೆಪಾಡು, ಆದರೆ ಸೇದುವುದು, ಜರ್ದಾ ಹಾಕಿದ ಎಲೆಅಡಿಕೆ ಅಗಿಯುವುದು ಹೊಟ್ಟೆಪಾಡಲ್ಲ. ಬಿ.ಪಿ. ಇದ್ದವರು ಬೀಡಿ ಸೇದಿದರೆ ಕೊರೆದ ಏರಿಗೆ ಇನ್ನೊಂದು ಗುದ್ದಲಿ ಹಾಕಿದಂತೆ.

ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಲ್ಲಿ ಹುಟ್ಟಿದವರು ಈ ಸಭೆಯಲ್ಲೂ ಇರಬಹುದು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಪುಸ್ತಕದಲ್ಲಿ ಬರೆದು ಜೋಪಾನ ಮಾಡಿದ್ದರು. ಆ ಪುಸ್ತಕ ಹಿಡಿದು ಸಂಶೋಧಕರು 1934ರಿಂದ 1954ರ ನಡುವೆ ಹುಟ್ಟಿ ಅಲ್ಲೇ ಸುತ್ತಮುತ್ತ ವಾಸವಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ಕಾಯಿಲೆ, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಶೇ. 3. ಇದು ಹೃದಯದ ಬಗ್ಗೆ, ನೇರವಾಗಿ ಬಿ.ಪಿ. ಬಗ್ಗೆ ಅಲ್ಲ. ಆದರೂ ಗರ್ಭಿಣಿ ಸೊಸೆಗೆ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಬಡಿಸುವ ಮನೆಗಳಿಗೆ ಇದನ್ನು ಹೇಳದೆ ಹೇಗಿರಲಿ? ಗರ್ಭಿಣಿಯ ಬಿ.ಪಿ.ಯನ್ನೂ ಪ್ರತಿ ತಪಾಸಣೆಯಲ್ಲಿ ನೋಡಿಸಿ. ಅದು ಏರಿ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರಿಗೂ ಗಂಡಾಂತರ.

ಕೊನೆಗೆ, ಯಾರಿಗಾದರೂ ಮುಖ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತೆಂದರೆ ಒಂದು ಜೋತುಬಿದ್ದರೆ, ಮಾತು ತೊದಲಿದರೆ ಮಲಗಿಸಬೇಡಿ, ಎಣ್ಣೆ ತಿಕ್ಕಬೇಡಿ, ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ. ಶುರುವಾದ ಗಂಟೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕೆಂದು ಹೇಳಿ.

ಊಟವಾದ ಮೇಲೆ ಮೂರು ಗಂಟೆಯಿಂದ ಏಳನೇ ತರಗತಿಯ ಕೋಣೆಯಲ್ಲಿ ನಮ್ಮ ಆರೋಗ್ಯ ಕೇಂದ್ರದ ನರ್ಸ್ ಮೇಡಂ ಯಂತ್ರ ಇಟ್ಟುಕೊಂಡು ಕೂತಿರುತ್ತಾರೆ, ಹೆಸರು ಬರೆದುಕೊಳ್ಳಲು ನಾನಿರುತ್ತೇನೆ. ಹೆಂಗಸರಿಗೆ ಪಕ್ಕದ ಕೋಣೆ. ಬರುವ ಮೊದಲು ಅರ್ಧ ಗಂಟೆ ಚಹಾ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆಂಚಿಗೆ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕುಳಿತುಕೊಳ್ಳಬೇಕು. ಕೈ ಎದೆಯ ಮಟ್ಟಕ್ಕೆ ಬರುವಂತೆ ಡೆಸ್ಕಿನ ಮೇಲೆ ಇಡಬೇಕು, ತೋಳು ಬಟ್ಟೆಯ ಮೇಲೆ ಪಟ್ಟಿ ಸುತ್ತಿಸಿಕೊಳ್ಳಬಾರದು. ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡುತ್ತೇವೆ, ಕನ್ನಡದಲ್ಲಿ ಬೇಕೋ ಉರ್ದುವಿನಲ್ಲಿ ಬೇಕೋ ಹೇಳಿ.